ಇಂಟರ್‌ಕೂಲರ್ ಪೈಪ್ ಬದಲಿಸಬೇಕಾ? ಬದಲಿಸುವುದಾದರೆ ಯಾವುದು?

ಅಲ್ಯೂಮಿನಿಯಂ ತಗೊಳ್ಳಲಾ, ಸ್ಟೀಲಾ? ಎರಡೂವರೆ ಇಂಚಾ, ಮೂರಾ? ಕಿಟ್ ತರಿಸಲಾ, ವೆಲ್ಡರ್ ಹತ್ತಿರ ಮಾಡಿಸಲಾ? ಟರ್ಬೊ ಕಾರು ಇರುವ ಗೆಳೆಯರು ಕೇಳುವುದು ಹೆಚ್ಚುಕಮ್ಮಿ ಈ ಮೂರೇ. (ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಇಂಟರ್‌ಕೂಲರ್ ಅಂದರೆ ಆ ಗಾಳಿಯನ್ನು ತಣ್ಣಗೆ ಮಾಡುವ ರೇಡಿಯೇಟರ್‌ನಂಥ ಭಾಗ. ಆ ಗಾಳಿ ಓಡಾಡುವುದು ಈ ಪೈಪಿನಲ್ಲಿ.) ನಾನು ವಾಪಸ್ ಕೇಳುವುದು ಒಂದೇ: ಈಗಿರುವ ಪೈಪಿಗೆ ಏನಾಗಿದೆ? ಬಹಳ ಸಲ ಬರುವ ಉತ್ತರ, "ಏನೂ ಆಗಿಲ್ಲ, ಆದ್ರೂ..."

ಆ "ಆದ್ರೂ" ಎಷ್ಟು ಗಟ್ಟಿ ಅನ್ನೋದರ ಮೇಲೆ ಉಳಿದ ಆಯ್ಕೆಯೆಲ್ಲ ನಿಂತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಕಂಪನಿ ಟ್ಯೂನ್‌ನಲ್ಲೇ (ಎಂಜಿನ್ ಕಂಪ್ಯೂಟರ್‌ಗೆ ಕಂಪನಿ ಹಾಕಿಕೊಟ್ಟ ಸೆಟ್ಟಿಂಗ್) ಓಡುತ್ತಿರುವ, ಎಲ್ಲೂ ಸೋರದ ಕಾರಿಗೆ ಬರೀ ಪೈಪ್ ಬದಲಿಸಿದರೆ ಗೊತ್ತಾಗುವಷ್ಟು ಪವರ್ ಬರುವುದಿಲ್ಲ. ಪವರ್ ಬೇಕಾದರೆ ಮೊದಲು ದುಡ್ಡು ಹಾಕಬೇಕಾದ್ದು ಇಂಟರ್‌ಕೂಲರ್‌ಗೆ ಮತ್ತು ಟ್ಯೂನ್‌ಗೆ. ಪೈಪ್ ಬದಲಿಸುವುದು ಒಡೆಯಬಾರದು, ಕಿತ್ತು ಬರಬಾರದು, ಸೋರಬಾರದು ಅಂತ. ಇದನ್ನು ಒಪ್ಪಿಕೊಂಡರೆ ಆಯ್ಕೆ ಎಷ್ಟೋ ಸುಲಭವಾಗುತ್ತದೆ, ಯಾಕಂದರೆ ಆಗ ನೀವು ಹೊಳಪು ನೋಡುವುದಿಲ್ಲ, ಜಾಯಿಂಟ್ ನೋಡುತ್ತೀರಿ.

ಪೈಪ್ ಮಾಡುವ ಕೆಲಸ

ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಹೊರಗೆ 25 ಡಿಗ್ರಿ ಇದ್ದು ಬೂಸ್ಟ್, ಅಂದರೆ ಟರ್ಬೊ ಹೆಚ್ಚಿಸುವ ಒತ್ತಡ, 1 ಬಾರ್ (ಹೆಚ್ಚುಕಮ್ಮಿ ಹೊರಗಿನ ಗಾಳಿಯ ಒತ್ತಡದಷ್ಟು) ಇದ್ದರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 110ರಿಂದ 120 ಡಿಗ್ರಿ ಮುಟ್ಟುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ ಪೈಪ್ ಬಿಸಿ ಕಡೆಯದು. ಇಂಟರ್‌ಕೂಲರ್‌ನಿಂದ ಥ್ರಾಟಲ್ ಬಾಡಿವರೆಗಿನದು (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು ಅದು) ತಣ್ಣಗಿನ ಕಡೆಯದು. ಎರಡೂ ಕಡೆ ಒತ್ತಡ ಹೆಚ್ಚುಕಮ್ಮಿ ಒಂದೇ, ಆದರೆ ಶಾಖ ಬೇರೆ, ಎಣ್ಣೆಯ ಕಾಟ ಬೇರೆ. ಎಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆಯ ಆವಿ ಟರ್ಬೊ ಮೂಲಕ ಹಾದು ಮೊದಲು ಬಿಸಿ ಪೈಪಿನ ಒಳಗೋಡೆಗೆ ಅಂಟುತ್ತದೆ. ಹಳೇ ರಬ್ಬರ್ ಹೋಸ್ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುವುದು ಶಾಖ ಮತ್ತು ಎಣ್ಣೆ ಎರಡೂ ಸೇರಿ.

ಅಂದರೆ ಒಂದೇ ಕಾರಿನಲ್ಲಿ ಬಿಸಿ ಕಡೆಗೆ ಒಂದು ಬಗೆ, ತಣ್ಣಗಿನ ಕಡೆಗೆ ಇನ್ನೊಂದು ಬಗೆ ಹಾಕಿದರೂ ತಪ್ಪೇನಿಲ್ಲ. ಒಂದು ಕಡೆ ಹಾಗೇ ಬಿಟ್ಟರೂ ಸರಿ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ನನ್ನ ಲೆಕ್ಕದಲ್ಲಿ ಉಳಿದ ಎಲ್ಲಕ್ಕಿಂತ ದೊಡ್ಡದು, ಜಾಯಿಂಟ್. ಎಷ್ಟು ಜಾಯಿಂಟ್ ಇದೆ, ಪ್ರತಿಯೊಂದೂ ಎಂಥದ್ದು? ಎರಡೂವರೆ ಇಂಚಿನ ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 32 ಚದರ ಸೆಂಟಿಮೀಟರ್. 1 ಬಾರ್ ಬೂಸ್ಟ್‌ನಲ್ಲಿ ಆ ಪೈಪಿನ ತಿರುವನ್ನು, ಅಂದರೆ ಬೆಂಡನ್ನು, ಹೊರಗೆ ತಳ್ಳುವ ಬಲ ಸುಮಾರು 32 ಕಿಲೊ ತೂಕದಷ್ಟು. ಒಂದೂವರೆ ಬಾರ್ ಆದರೆ 48 ಕಿಲೊ. ಅದೇ 1 ಬಾರ್‌ನಲ್ಲಿ ಮೂರು ಇಂಚಿನ ಪೈಪ್ ಇದ್ದರೆ 46 ಕಿಲೊ. ಒಂದು ಸಿಲಿಕಾನ್ ತುಂಡು (ಎರಡು ಪೈಪನ್ನು ಕೂಡಿಸುವ ಕಪ್ಲರ್) ಮತ್ತು ಎರಡು ಕ್ಲ್ಯಾಂಪ್ ಇಷ್ಟನ್ನು ಹಿಡಿದಿಟ್ಟುಕೊಳ್ಳಬೇಕು, ಅದೂ ಅಲುಗಾಡುವ ಎಂಜಿನ್ ಮೇಲೆ, ಒಳಗೆ ಎಣ್ಣೆ ಸವರಿದ ಪೈಪಿನಲ್ಲಿ. ಪೈಪ್ ಅಗಲವಾದಷ್ಟೂ ಅದನ್ನು ಹಿಡಿದಿಡುವುದು ಕಷ್ಟ ಅನ್ನುವುದನ್ನು ಯಾರೂ ಕಿಟ್ ಡಬ್ಬದ ಮೇಲೆ ಬರೆಯುವುದಿಲ್ಲ.

ಅದಕ್ಕೇ ಪೈಪಿನ ತುದಿಯಲ್ಲಿ ಸುತ್ತ ಉಬ್ಬಿದ ಒಂದು ಬಳೆಯಂಥ ಗೆರೆ ಇರಬೇಕು. ಬೀಡ್ ಅಂತಾರೆ. ಕ್ಲ್ಯಾಂಪ್ ಆ ಬೀಡ್ ಹಿಂದೆ ಕೂರುತ್ತದೆ, ಕಪ್ಲರ್ ಜಾರಲು ಬಿಡುವುದಿಲ್ಲ. ನೀವು ನೋಡುತ್ತಿರುವ ಕಿಟ್‌ನ ಚಿತ್ರದಲ್ಲಿ ಪೈಪಿನ ತುದಿ ನುಣ್ಣಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ, ಬೆಲೆ ನೋಡುವ ಕೆಲಸವೂ ಇಲ್ಲ.

ನನಗೆ ಇದು ಗೊತ್ತಾದದ್ದು ತಲೆ ಕೆಟ್ಟ ಮೇಲೆ. ಮೊದಲ ಸಲ ನಾನು ಹಾಕಿದ್ದು ಕತ್ತರಿಸಿ ಜೋಡಿಸುವ ಅಗ್ಗದ ಕಿಟ್. ಕತ್ತರಿಸಿದ ಕಡೆಯೆಲ್ಲ ತುದಿ ನುಣ್ಣಗೆ, ಬೀಡ್ ಇಲ್ಲ. ಬಿಗಿಯಾಗಿ ತಿರುಗಿಸಿದರೆ ಆಯ್ತು ಅಂದುಕೊಂಡೆ. ಒಂದು ಏರಿನಲ್ಲಿ ಲಾರಿ ಹಿಂದೆ ಹಾಕಲು ಕಾಲು ಒತ್ತಿದೆ, ಮುಂದಿನಿಂದ "ಢಬ್" ಅಂತ ಸದ್ದು, ಕಾರು ಉಸಿರು ಕಟ್ಟಿದ ಹಾಗೆ ಸೋತುಹೋಯಿತು. ಲಾರಿ ಪಕ್ಕದಲ್ಲಿದ್ದಾಗ ಅದು ಆಗಲಿಲ್ಲ ಅನ್ನುವುದೊಂದೇ ಸಮಾಧಾನ.

ಎರಡನೆಯದು ಕ್ಲ್ಯಾಂಪ್. ಸ್ಕ್ರೂ ತಿರುಗಿಸಿ ಬಿಗಿಸುವ ತೂತುಪಟ್ಟಿಯ ಕ್ಲ್ಯಾಂಪ್ ಕಡಿಮೆ ಬೂಸ್ಟ್‌ಗೆ ಸಾಕು, ಆದರೆ ಆ ತೂತುಗಳು ಸಿಲಿಕಾನ್ ಅನ್ನು ಮೆಲ್ಲಗೆ ಕುಯ್ಯುತ್ತವೆ. ಒಳಗೆ ನುಣುಪಾದ ಪಟ್ಟಿ ಇರುವ ಬಗೆ ತಗೊಳ್ಳಿ. ಅಗಲ ಪಟ್ಟಿಯನ್ನು ಬೋಲ್ಟ್‌ನಿಂದ ಎಳೆದು ಬಿಗಿಸುವ ಟಿ-ಬೋಲ್ಟ್ ಕ್ಲ್ಯಾಂಪ್ ಗಟ್ಟಿ, ಜಾಸ್ತಿ ಬೂಸ್ಟ್‌ಗೆ ಅದೇ ಸರಿ. ಆದರೆ ಅದರ ಬಲ ಎಷ್ಟೆಂದರೆ ಪ್ಲಾಸ್ಟಿಕ್ ಬಾಯಿಯನ್ನೋ ತೆಳು ಅಲ್ಯೂಮಿನಿಯಂ ಅನ್ನೋ ಜಜ್ಜಿಹಾಕಬಹುದು. ಇಂಟರ್‌ಕೂಲರ್‌ನ ಎರಡು ಬದಿಯ ಟ್ಯಾಂಕ್ ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಟಿ-ಬೋಲ್ಟ್ ಹಾಕಿ ಮೈಮೇಲೆ ಬಿದ್ದು ಬಿಗಿಸಬೇಡಿ. ಸ್ಪ್ರಿಂಗ್ ಇರುವ ಕ್ಲ್ಯಾಂಪ್ ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ತಾನೇ ಬಿಗಿಯಾಗುತ್ತದೆ, ದಿನಾ ಓಡಿಸುವ ಕಾರಿಗೆ ನನ್ನ ಮೆಚ್ಚು ಅದೇ.

ಮೂರನೆಯದು ಅಲುಗಾಟಕ್ಕೆ ಜಾಗ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತು ಒದ್ದಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಕಚ್ಚಿಕೊಂಡು ಕದಲುವುದೇ ಇಲ್ಲ. ಎರಡರ ನಡುವೆ ಗಟ್ಟಿ ಲೋಹ ಹಾಕಿ ಅಲುಗಾಟಕ್ಕೆ ಏನೂ ಬಿಡದಿದ್ದರೆ ವೆಲ್ಡ್ ಒಡೆಯುತ್ತದೆ ಇಲ್ಲವೇ ಪೈಪ್ ಕಳಚುತ್ತದೆ. ಎಲ್ಲಾದರೂ ಒಂದು ಕಡೆ, ನಡುವೆ ಉಬ್ಬಿರುವ ಕಪ್ಲರ್ ಬೇಕು. ಕಂಪನಿಯವರು ರಬ್ಬರ್ ಹಾಕಿದ್ದು ಜಿಪುಣತನಕ್ಕೆ ಮಾತ್ರ ಅಲ್ಲ.

ಆಮೇಲೆ ಸೆನ್ಸರ್. ಒತ್ತಡ, ಶಾಖ ಅಳೆಯುವ ಸೆನ್ಸರ್ ನಿಮ್ಮ ಪೈಪಿನಲ್ಲೇ ಇದ್ದರೆ ಹೊಸ ಪೈಪಿನಲ್ಲೂ ಅದೇ ಅಳತೆಯ ಜಾಗ, ಅದೇ ಒ-ರಿಂಗ್ (ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಕೂರುವ ಹಾಗೆ ಇದೆಯಾ ನೋಡಿ. ಬ್ಲೋ-ಆಫ್ ವಾಲ್ವ್ (ಕಾಲು ತೆಗೆದಾಗ ಪೈಪಿನಲ್ಲಿ ಉಳಿದ ಒತ್ತಡ ಬಿಡುವ ವಾಲ್ವ್) ಇದ್ದರೆ ಅದನ್ನು ಕೂರಿಸುವ ಫ್ಲಾಂಜ್ ಕೂಡ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಟರ್ಬೊಗಿಂತ ಮುಂಚೆ ಇರುವ ಕಾರಿನಲ್ಲಿ ವಾಲ್ವನ್ನು ಹೊರಗೆ ಊದುವ ಹಾಗೆ ಮಾಡಬೇಡಿ, ಲೆಕ್ಕ ಹಾಕಿದ ಗಾಳಿ ಹೊರಗೆ ಹೋಗಿ ಪೆಟ್ರೋಲ್ ಮಾತ್ರ ಒಳಗೆ ಹೋಗುತ್ತದೆ. "ಪ್ಶ್ಶ್" ಸದ್ದಿಗೆ ಆಸೆ ಪಟ್ಟವರ ಎಕ್ಸಾಸ್ಟ್ ಕಪ್ಪಗಾಗುವುದು ಹೀಗೇ.

ಅಗಲದ ವಿಷಯ

ಇಲ್ಲಿ ಎಲ್ಲರೂ ಎಡವುತ್ತಾರೆ, ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ. 300 ಎಚ್‌ಪಿಗೆ ನಿಮಿಷಕ್ಕೆ ಸುಮಾರು 13ರಿಂದ 14 ಕಿಲೊ ಗಾಳಿ ಬೇಕು. ಅಷ್ಟನ್ನು 1 ಬಾರ್ ಬೂಸ್ಟ್‌ನಲ್ಲಿ ಎರಡು ಇಂಚಿನ ಬಿಸಿ ಪೈಪಿನಲ್ಲಿ ಕಳಿಸಿದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 70 ಮೀಟರ್. ಪೈಪಿನಲ್ಲಿ ಶಬ್ದದ ವೇಗದ 0.4 ಪಾಲು, ಅಂದರೆ ಸುಮಾರು 135 ಮೀಟರ್ ದಾಟಬಾರದು ಅನ್ನುವುದು ಈ ಕೆಲಸದವರ ರೂಢಿ ಲೆಕ್ಕ. ನಾವಿನ್ನೂ ಅದರ ಅರ್ಧದಲ್ಲೇ ಇದ್ದೇವೆ! 300 ಎಚ್‌ಪಿವರೆಗಿನ ಕಾರಿಗೆ ಎರಡು, ಎರಡೂಕಾಲು ಇಂಚು ಸಾಕು ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಮೂರು ಇಂಚಿನ ಪೈಪ್ ನೋಡಲು ಚೆನ್ನಾಗಿರುತ್ತದಲ್ಲ.

ಹಾಗಂತ ದೊಡ್ಡದರಲ್ಲಿ ಲಾಭವೇ ಇಲ್ಲ ಅಂತಲ್ಲ. ಎರಡರಿಂದ ಎರಡೂವರೆಗೆ ಹೋದರೆ ಪೈಪಿನೊಳಗೆ ಕಳೆದುಹೋಗುವ ಒತ್ತಡ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಮೊದಲೇ ಚಿಕ್ಕದಾಗಿದ್ದ ನಷ್ಟ ಅದು. ನಿಮ್ಮ ಟರ್ಬೊದ ಬಾಯಿ ಎರಡು ಇಂಚು, ಥ್ರಾಟಲ್ ಬಾಡಿ ಎರಡೂವರೆ, ನಡುವೆ ಮೂರು ಇಂಚಿನ ಕೊಳವೆ ಅಂದರೆ ಗಾಳಿ ಒಮ್ಮೆ ಹಿಗ್ಗಿ ಮತ್ತೆ ಕುಗ್ಗಬೇಕು. ಅದಕ್ಕಿಂತ ಎರಡು ತುದಿಯ ಅಳತೆ ನೋಡಿಕೊಂಡು ಬಿಸಿ ಕಡೆಗೆ ಎರಡು ಅಥವಾ ಎರಡೂಕಾಲು, ತಣ್ಣಗಿನ ಕಡೆಗೆ ಎರಡೂವರೆ ಹಾಕುವುದು ಜಾಣತನ. ಮೂರು ಇಂಚು 450, 500 ಎಚ್‌ಪಿ ಮೇಲಿನವರ ತಲೆನೋವು.

ದೊಡ್ಡ ಪೈಪ್ ಹಾಕಿದರೆ ಲ್ಯಾಗ್ (ಕಾಲು ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಜಾಸ್ತಿ ಆಗುತ್ತೆ ಅಂತ ಹೆದರಿಸುವವರೂ ಇದ್ದಾರೆ. ಪೂರ್ತಿ ಸುಳ್ಳಲ್ಲ, ಆದರೆ ದೊಡ್ಡದು ಮಾಡಿ ಹೇಳುತ್ತಾರೆ. ಎರಡು ಮೀಟರ್ ಪೈಪನ್ನು 2 ಇಂಚಿನಿಂದ 3ಕ್ಕೆ ಏರಿಸಿದರೆ ಒಳಗಿನ ಜಾಗ ಸುಮಾರು 5 ಲೀಟರ್ ಹೆಚ್ಚುತ್ತದೆ. 2 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 50 ಲೀಟರ್ ನುಂಗುತ್ತದೆ. ಹಾಗಾಗಿ ತಡ ಅಂದರೂ ಸೆಕೆಂಡಿನ ಹತ್ತನೇ ಒಂದೆರಡು ಪಾಲು. ನಿಮ್ಮ ಲ್ಯಾಗ್‌ಗೆ ನಿಜವಾದ ಕಾರಣ ಸಾಮಾನ್ಯವಾಗಿ ಟರ್ಬೊದ ಗಾತ್ರ, ಇಲ್ಲವೇ ಎಲ್ಲೋ ಒಂದು ಸೋರಿಕೆ.

ಅಗಲಕ್ಕಿಂತ ಬೆಂಡ್ ಮುಖ್ಯ. ಮ್ಯಾಂಡ್ರೆಲ್ ಬೆಂಡ್ ಅಂದರೆ ತಿರುವಿನಲ್ಲೂ ಪೈಪ್ ದುಂಡಗೇ ಇರುತ್ತದೆ. ಸುಮ್ನೆ ಒತ್ತಿ ಬಗ್ಗಿಸಿದ್ದು ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ನೀವು ಎರಡೂವರೆ ಅಂತ ದುಡ್ಡು ಕೊಟ್ಟರೂ ಅಲ್ಲಿ ಸಿಗುವುದು ಅದಕ್ಕಿಂತ ಕಮ್ಮಿ.

ಲೋಹ

ಇದನ್ನು ಬೇಗ ಮುಗಿಸುತ್ತೇನೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯಲ್ಲ, ಬಹುಪಾಲು ಕಿಟ್ ಅದರದ್ದೇ. 304 ಸ್ಟೇನ್‌ಲೆಸ್ ಅದರ ಮೂರು ಪಟ್ಟು ತೂಕ, ಆದರೆ ಶಾಖವನ್ನು ಹತ್ತನೇ ಒಂದು ಪಾಲಿನಷ್ಟೇ ಸಾಗಿಸುತ್ತದೆ, ಬಡಿತಕ್ಕೂ ಗಟ್ಟಿ, ವೆಲ್ಡ್ ಮಾಡುವುದೂ ಅಲ್ಯೂಮಿನಿಯಂಗಿಂತ ಸುಲಭ. ಬಾನೆಟ್ ಒಳಗಿನ ಬಿಸಿಯನ್ನು ಅಲ್ಯೂಮಿನಿಯಂ ಪೈಪ್ ಹೀರಿಕೊಳ್ಳುತ್ತೆ, ಗಾಳಿ ಮತ್ತೆ ಬಿಸಿಯಾಗುತ್ತೆ ಅಂತ ಚಿಂತೆ ಮಾಡುವವರಿಗೆ ಒಂದು ಮಾತು: ಓಡುವಾಗ ಗಾಳಿ ಆ ಪೈಪಿನಲ್ಲಿ ಇರುವುದು ಸೆಕೆಂಡಿನ ನೂರನೇ ಕೆಲವು ಪಾಲು ಅಷ್ಟೇ. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯಾಗುತ್ತದೆ, ಹೊರಟ ಮೇಲೆ ಬೇಗ ಇಳಿಯುತ್ತದೆ.

ಸಿಲಿಕಾನ್ ಕಪ್ಲರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಒಳಗೆ ಬಟ್ಟೆಯ ಪದರ ಇರಬೇಕು, ನಾಲ್ಕು ಪದರ ಇದ್ದರೆ ಒಳ್ಳೆಯದು. ಸಿಲಿಕಾನ್ ಶಾಖ ತಡೆಯುತ್ತದೆ, ಸುಮಾರು 180 ಡಿಗ್ರಿವರೆಗೂ, ಆದರೆ ಎಣ್ಣೆ ಅದಕ್ಕೆ ಆಗಿಬರುವುದಿಲ್ಲ. ಎಣ್ಣೆ ಜಾಸ್ತಿ ಬರುವ ಡೀಸೆಲ್ ಕಾರಿನ ಬಿಸಿ ಕಡೆಗೆ ಒಳಗೆ ಫ್ಲೋರೊಸಿಲಿಕಾನ್ ಲೇಪ ಇರುವ ಹೋಸನ್ನೇ ಕೇಳಿ ತಗೊಳ್ಳಿ.

ಈಗ ಆಯ್ಕೆಗಳು

ಎಲ್ಲಕ್ಕಿಂತ ಅಗ್ಗದ ದಾರಿ, ಹಾಳಾದ ಹೋಸ್ ಮಾತ್ರ ಬದಲಿಸುವುದು. ಕಂಪನಿಯದ್ದೇ ಹೊಸದು ಹಾಕಬಹುದು, ಇಲ್ಲವೇ ಅದೇ ಆಕಾರದ ಸಿಲಿಕಾನ್ ಹೋಸ್ ಹಾಕಬಹುದು. ಜಾಯಿಂಟ್ ಹೆಚ್ಚಾಗುವುದಿಲ್ಲ, ಅಲುಗಾಟಕ್ಕೆ ಜಾಗ ಮೊದಲಿನ ಹಾಗೇ ಇರುತ್ತದೆ, ವಾರಂಟಿ ತಕರಾರೂ ಕಮ್ಮಿ. ಕಂಪನಿ ಟ್ಯೂನ್‌ನಲ್ಲಿ ಓಡುವವರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಕೊರತೆ ಅಂದರೆ ಗಟ್ಟಿ ಪ್ಲಾಸ್ಟಿಕ್ ಭಾಗ ಹಾಗೇ ಉಳಿಯುತ್ತದೆ.

ಆ ಪ್ಲಾಸ್ಟಿಕ್ ಭಾಗವೇ ತೊಂದರೆ ಆಗಿದ್ದರೆ ಎರಡನೇ ದಾರಿ, ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ ಪೈಪ್. ಬಿಎಂಡಬ್ಲ್ಯೂದ ಎನ್54, ಎನ್55 ಎಂಜಿನ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಟ್ಯೂನ್ ಮಾಡಿ ಬೂಸ್ಟ್ ಏರಿಸಿದರೆ ಥ್ರಾಟಲ್ ಬಳಿಯ ಪ್ಲಾಸ್ಟಿಕ್ ಪೈಪ್ ಒಡೆಯುತ್ತದೆ, ಹಾಗಾಗಿ ಟ್ಯೂನ್ ಮಾಡುವವರು ಮೊದಲು ಅಲ್ಯೂಮಿನಿಯಂ ಪೈಪ್ ಹಾಕಿಸಿಕೊಳ್ಳುತ್ತಾರೆ. ಇಂಥ ಕಿಟ್‌ನಲ್ಲಿ ಸೆನ್ಸರ್ ಜಾಗ, ಬ್ರ್ಯಾಕೆಟ್, ಬೀಡ್ ಎಲ್ಲ ಸರಿಯಾಗಿರುತ್ತದೆ. ದುಡ್ಡು ಜಾಸ್ತಿ ನಿಜ, ಆದರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ, ಬೇಡ ಅನಿಸಿದರೆ ಹಳೆಯದನ್ನು ವಾಪಸ್ ಹಾಕಬಹುದು. ಟ್ಯೂನ್ ಮಾಡಿಸಿರುವವರಿಗೆ, ಮಾಡಿಸುವ ಯೋಚನೆ ಇರುವವರಿಗೆ ನಾನು ಹೇಳುವುದು ಇದನ್ನೇ. ಹಳೇ ಪೈಪ್ ಮಾತ್ರ ಬಿಸಾಡಬೇಡಿ.

ಯೂನಿವರ್ಸಲ್ ಕಿಟ್ ಮೂರನೆಯದು. ಒಂದಷ್ಟು ನೇರ ಪೈಪ್, ಒಂದಷ್ಟು ಬೆಂಡ್, ಒಂದು ರಾಶಿ ಕಪ್ಲರ್ ಮತ್ತು ಕ್ಲ್ಯಾಂಪ್. ಬೆಲೆ ನೋಡಿದರೆ ಆಸೆಯಾಗುತ್ತದೆ. ಆದರೆ ಪ್ರತಿ ತಿರುವಿಗೂ ಒಂದು ಜಾಯಿಂಟ್ ಬರುತ್ತದೆ. ಕಂಪನಿಯವರು ನಾಲ್ಕು ಜಾಯಿಂಟ್‌ನಲ್ಲಿ ಮುಗಿಸಿದ್ದನ್ನು ನೀವು ಹತ್ತರಲ್ಲಿ ಮುಗಿಸುತ್ತೀರಿ, ಒಂದೊಂದು ಜಾಯಿಂಟ್‌ಗೆ ಎರಡೆರಡು ಕ್ಲ್ಯಾಂಪ್, ಇಪ್ಪತ್ತು ಕಡೆ ಸೋರಲು ಅವಕಾಶ. ಕತ್ತರಿಸಿದ ತುದಿಗೆ ಬೀಡ್ ನೀವೇ ಮಾಡಬೇಕು, ಅದಕ್ಕೆ ಉಪಕರಣ ಬೇಕು. ಡಬ್ಬದಲ್ಲಿ ಬರುವ ಕ್ಲ್ಯಾಂಪ್ ಬಿಸಾಡಿ ಒಳ್ಳೆಯದು ತರಬೇಕು. ಇಷ್ಟೆಲ್ಲ ಕೂಡಿದರೆ ಉಳಿದ ದುಡ್ಡು ಎಲ್ಲಿ? ಆದರೂ ನಿಮ್ಮ ಕಾರಿಗೆ ಅಂತ ಯಾರೂ ಕಿಟ್ ಮಾಡದಿದ್ದರೆ, ಟರ್ಬೊ ಇಲ್ಲದ ಕಾರಿಗೆ ಟರ್ಬೊ ಹಾಕುತ್ತಿದ್ದರೆ ಇದೇ ಗತಿ. ಆಗಲೂ ಇದನ್ನು ಪೂರ್ತಿ ಕಿಟ್ ಅಂದುಕೊಳ್ಳದೆ ಕಚ್ಚಾ ಸಾಮಾನು ಅಂದುಕೊಳ್ಳಿ.

ಅಲ್ಲಿಂದ ನಾಲ್ಕನೇ ದಾರಿ ಶುರುವಾಗುತ್ತದೆ. ಅದೇ ಬೆಂಡ್‌ಗಳನ್ನು ಕಾರಿನ ಮೇಲೆ ಇಟ್ಟು ಗುರುತು ಹಾಕಿ, ತೆಳು ಲೋಹಕ್ಕೆ ಬಳಸುವ ಟಿಗ್ ವೆಲ್ಡಿಂಗ್ ಚೆನ್ನಾಗಿ ಬರುವವರ ಹತ್ತಿರ ಒಂದಾಗಿ ಕೂಡಿಸುವುದು. ಹತ್ತು ಜಾಯಿಂಟ್ ಮತ್ತೆ ನಾಲ್ಕಕ್ಕೆ ಇಳಿಯುತ್ತದೆ. ಚೆನ್ನಾಗಿ ಮಾಡಿದರೆ ಇದಕ್ಕಿಂತ ಗಟ್ಟಿ ಬೇರೆ ಇಲ್ಲ. ಆದರೆ ಎಲ್ಲ ನಿಂತಿರುವುದು ಆ ಒಬ್ಬರ ಕೈ ಮೇಲೆ. ಅಲ್ಯೂಮಿನಿಯಂ ವೆಲ್ಡ್ ಎಲ್ಲರಿಗೂ ಒಲಿಯುವುದಿಲ್ಲ, ಮಾಡಿದ ಹಳೇ ಕೆಲಸ ತೋರಿಸಿ ಅಂತ ಕೇಳಿ, ಪೈಪಿನ ಒಳಗೆ ಬೆರಳಾಡಿಸಿ ನೋಡಿ. ಒಳಗೆ ಹರಳು ಹರಳಾಗಿ ಲೋಹ ನಿಂತಿದ್ದರೆ ಬೇಡ. ತಣ್ಣಗಿನ ಕಡೆಯಲ್ಲಿ ಅದು ಉದುರಿದರೆ ಸೀದಾ ಎಂಜಿನ್ ಒಳಗೆ ಹೋಗುತ್ತದೆ.

ಇನ್ನು ಇಂಟರ್‌ಕೂಲರ್ ಸಮೇತ ಪೂರ್ತಿ ಬದಲಿಸುವುದು. ಸುಬಾರು ಡಬ್ಲ್ಯೂಆರ್‌ಎಕ್ಸ್ ಥರ ಎಂಜಿನ್ ಮೇಲೆಯೇ ಇಂಟರ್‌ಕೂಲರ್ ಇರುವ ಕಾರನ್ನು ಮುಂಭಾಗದ ಇಂಟರ್‌ಕೂಲರ್‌ಗೆ ಬದಲಿಸಿದರೆ ಪೈಪ್ ತುಂಬಾ ಉದ್ದವಾಗುತ್ತದೆ, ಜಾಯಿಂಟ್ ಹೆಚ್ಚುತ್ತದೆ, ಬಂಪರ್ ಬೀಮ್ ಕತ್ತರಿಸಬೇಕಾಗಿ ಬರಬಹುದು. ಬದಲಿಗೆ ಶಾಖ ನಿಜವಾಗಿ ಇಳಿಯುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ಆಫೀಸಿಗೆ ಹೋಗಿ ಬರುವವರಿಗೆ ಬೇಕಾಗಿಲ್ಲ ಅಂತ ನನಗನಿಸುತ್ತದೆ, ಆಸೆ ಇದ್ದರೆ ಬೇರೆ ಮಾತು.

ದುಡ್ಡು ಕಮ್ಮಿ ಇದ್ದು ಬೂಸ್ಟ್ ಏರಿಸಿರುವವರ ಪಾಡು ಮಾತ್ರ ಇಕ್ಕಟ್ಟಿನದು. ಪೂರ್ತಿ ಅಗ್ಗದ ಕಿಟ್ ತರುವ ಬದಲು, ಒಡೆಯುವ ಒಂದು ಪೈಪ್ ಮಾತ್ರ ಒಳ್ಳೆಯದು ತಗೊಂಡು, ಉಳಿದ ಕಡೆ ಕಂಪನಿ ಪೈಪ್ ಇಟ್ಟು ಕಪ್ಲರ್ ಮತ್ತು ಕ್ಲ್ಯಾಂಪ್ ಹೊಸದು ಹಾಕಿ. ನೋಡಲು ಅರ್ಧಂಬರ್ಧ ಕಾಣುತ್ತದೆ. ಬಂಪರ್ ಹಿಂದೆ ಯಾರು ಬಗ್ಗಿ ನೋಡುತ್ತಾರೆ, ಅಲ್ವಾ?

ಹಾಕುವಾಗ

ಯಾವ ಆಯ್ಕೆಯಾದರೂ ಇಷ್ಟು ಮಾಡಿ. ಹಳೇ ಪೈಪ್ ಬಿಚ್ಚಿದ ತಕ್ಷಣ ಟರ್ಬೊ ಮತ್ತು ಥ್ರಾಟಲ್ ಬಾಯಿಗೆ ಬಟ್ಟೆ ತುರುಕಿ, ಎಷ್ಟು ಬಟ್ಟೆ ತುರುಕಿದಿರಿ ಅಂತ ಎಣಿಸಿಟ್ಟುಕೊಳ್ಳಿ. ನಗಬೇಡಿ, ನಾನು ಒಮ್ಮೆ ಒಂದು ಬಟ್ಟೆ ಹುಡುಕುತ್ತಾ ಎಲ್ಲವನ್ನೂ ಎರಡನೇ ಸಲ ಬಿಚ್ಚಿದ್ದೇನೆ, ಅದು ಟೂಲ್ ಡಬ್ಬದ ಕೆಳಗಿತ್ತು. ಹೊಸ ಪೈಪಿನ ಒಳಗೆ ಕತ್ತರಿಸಿದ ಚೂರು ಇರುತ್ತದೆ, ತೊಳೆದು ಒಣಗಿಸಿ. ಕಪ್ಲರ್ ಕೂರುವ ಜಾಗವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ, ಎಣ್ಣೆಯ ಪಸೆ ಇದ್ದರೆ ಯಾವ ಕ್ಲ್ಯಾಂಪೂ ನಿಲ್ಲುವುದಿಲ್ಲ. ಜಾರಿ ಕೂರಲಿ ಅಂತ ಗ್ರೀಸ್ ಹಚ್ಚುವುದಂತೂ ಬೇಡವೇ ಬೇಡ. ಕಷ್ಟವಾದರೆ ಸ್ವಲ್ಪ ಹೇರ್‌ಸ್ಪ್ರೇ ಹೊಡೆಯಿರಿ, ಹಸಿ ಇರುವಾಗ ಜಾರುತ್ತದೆ, ಒಣಗಿದ ಮೇಲೆ ಅಂಟಿಕೊಳ್ಳುತ್ತದೆ. ಹಳೇ ಉಪಾಯ, ಕೆಲಸ ಮಾಡುತ್ತದೆ.

ಮೊದಲು ಎಲ್ಲ ಪೈಪನ್ನೂ ಸಡಿಲವಾಗಿ ಜೋಡಿಸಿ, ಫ್ಯಾನ್, ಬೆಲ್ಟ್, ಎಸಿ ಪೈಪ್‌ಗೆ ಎಲ್ಲಿ ತಾಗುತ್ತದೆ ನೋಡಿ, ಆಮೇಲೆ ಬಿಗಿಸಿ. ಒಂದು ತುದಿಯಿಂದ ಬಿಗಿಸುತ್ತಾ ಬಂದರೆ ಕೊನೆಯ ಜಾಯಿಂಟ್ ಕೂರುವುದೇ ಇಲ್ಲ. ಬೆರಳಿನಷ್ಟು ಜಾಗ ಇಲ್ಲದ ಕಡೆ ಎಂಜಿನ್ ಅಲುಗಿದಾಗ ಉಜ್ಜಿ ತೂತಾಗುತ್ತದೆ.

ಹೊರಡುವ ಮುಂಚೆ ಸೋರಿಕೆ ನೋಡಿ. ಟರ್ಬೊದ ಗಾಳಿ ಒಳಹೋಗುವ ಬಾಯಿಗೆ ವಾಲ್ವ್ ಇರುವ ಬಿರಟೆ ಹಾಕಿ, ಕಂಪ್ರೆಸರ್‌ನಿಂದ ಮೆಲ್ಲಗೆ 0.7 ಬಾರ್‌ವರೆಗೆ ಗಾಳಿ ತುಂಬಿ. ಬಿರಟೆಯ ಎದುರಿಗೆ ಮುಖ ಇಡಬೇಡಿ, ಮೇಲೆ ಹೇಳಿದ ತಳ್ಳುವ ಬಲದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ಪ್ರತಿ ಜಾಯಿಂಟ್‌ಗೆ ಸೋಪಿನ ನೀರು ಸಿಂಪಡಿಸಿ. ಒಂದೆರಡು ದಿನ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಎಲ್ಲ ಕ್ಲ್ಯಾಂಪನ್ನೂ ಇನ್ನೊಮ್ಮೆ ಬಿಗಿ ನೋಡಿ, ಸಿಲಿಕಾನ್ ಒತ್ತಿಕೊಂಡು ಸ್ವಲ್ಪ ಸಡಿಲವಾಗಿರುತ್ತದೆ. ಆಮೇಲೆ ಯಾವತ್ತಾದರೂ ಕಾಲು ಒತ್ತಿದಾಗ ಉಸ್ ಅನ್ನುವ ಸದ್ದು, ಡೀಸೆಲ್ ಆದರೆ ಕಪ್ಪು ಹೊಗೆ, ಇಲ್ಲವೇ ಸ್ಕ್ಯಾನರ್‌ನಲ್ಲಿ ಪಿ0299 ಅಂತ ಬೂಸ್ಟ್ ಕಮ್ಮಿ ಅನ್ನುವ ಕೋಡ್ ಬಂದರೆ ಟರ್ಬೊ ಹೋಯ್ತು ಅಂತ ಗಾಬರಿ ಬೀಳಬೇಡಿ. ಸೋಪಿನ ನೀರು ಮತ್ತೆ ತನ್ನಿ, ಗುಳ್ಳೆ ಎದ್ದ ಕಡೆ ಬಿಚ್ಚಿ, ಒರೆಸಿ, ಕ್ಲ್ಯಾಂಪ್ ಬೀಡ್ ಹಿಂದೆ ಕೂರುವ ಹಾಗೆ ಮತ್ತೆ ಹಾಕಿ.